ಬರ್ನೋದಲ್ಲಿ ಒಂದು ಚಮಚ ಉಪ್ಪಿಟ್ಟು

ರಾಜಾಜಿನಗರ

ವಿದೇಶಕ್ಕೆ ಹೋಗಿ ಬಂದವನನ್ನು ನಮ್ಮ ರಾಜಾಜಿನಗರದಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಹಾಲಿನ ಬೂತಿನ ಮುಂದೆ, ಬಸ್ ಸ್ಟಾಪಿನಲ್ಲಿ, ಕ್ಷೌರದಂಗಡಿಯಲ್ಲಿ ಹಿಡಿದು ನಿಲ್ಲಿಸಿ, "ಏನೇನ್ ನೋಡಿದ್ರಿ ಸಾರ್ ಅಲ್ಲಿ?" ಎಂದು ಕೇಳುತ್ತಾರೆ. ಕೋಟೆ ನೋಡಿದೆ, ಹಿಮ ನೋಡಿದೆ ಎಂದರೆ ಅವರಿಗೂ ಸಮಾಧಾನ, ನನಗೂ ಮರ್ಯಾದೆ. ಆದರೆ ಚೆಕೊಸ್ಲೊವಾಕಿಯಾದಲ್ಲಿದ್ದ ಮೂರು ತಿಂಗಳಲ್ಲಿ ನಾನು ಮನಸ್ಸಿಟ್ಟು ನೋಡಿದ್ದು ಒಂದೇ ಒಂದು ವಸ್ತುವನ್ನು. ಅದು ರವೆ. ಹಾಗೆಂದು ಹೇಳಿದರೆ ಜನ ನಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ, ಓದುವವರು ನಕ್ಕರೆ ನನಗೆ ಕಾಣಿಸುವುದಿಲ್ಲವಲ್ಲ.

ಉಪ್ಪಿಟ್ಟು ಕಂಡರೆ ನನಗೆ ಆಗುತ್ತಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾರ್ಖಾನೆಯ ಹುಡುಗರು ಅದಕ್ಕೆ ಕಾಂಕ್ರೀಟು ಎಂದು ಹೆಸರಿಟ್ಟಿದ್ದಾರೆ, ಆ ಹೆಸರಿಗೆ ನನ್ನ ಪೂರ್ತಿ ಒಪ್ಪಿಗೆಯಿತ್ತು. ನನ್ನ ಹೆಂಡತಿ ಶಾಂತ ಕುರುಬರಹಳ್ಳಿಯ ಗಿರಣಿಯಲ್ಲಿ ಗೋಧಿ ಒಡೆಸಿ ರವೆ ತರುತ್ತಾಳೆ. ರವೆಯ ಡಬ್ಬಿ ತುಂಬಿದ ದಿನ ನನ್ನ ಮುಖ ಸಪ್ಪಗಾಗುತ್ತಿತ್ತು.

"ಇವತ್ತೂ ಉಪ್ಪಿಟ್ಟೇನೇ?"

"ಹೂಂ ಕಣ್ರೀ, ಇವತ್ತೂ ಉಪ್ಪಿಟ್ಟೇ. ಮೂಗು ಮುರೀತಾನೇ ತಟ್ಟೆ ತೊಳ್ದು ಕುಡೀತೀರಲ್ಲ, ಸುಮ್ನೆ ತಿನ್ರಿ."

ತಟ್ಟೆ ತೊಳೆದು ಕುಡಿಯುವ ವಿಷಯ ಬಂತು, ಅದನ್ನೂ ಇಲ್ಲಿಯೇ ಹೇಳಬೇಕು. ನಾವು ಚಿತ್ರದುರ್ಗದ ಕಡೆಯಿಂದ ಬಂದವರು, ಲಿಂಗ ಕಟ್ಟಿಕೊಂಡವರು. ಪೂಜೆಯಾಗದೆ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಏನೂ ಬೀಳುವುದಿಲ್ಲ. ತಟ್ಟೆಗೆ ಬಿದ್ದದ್ದನ್ನು ಯಾರೂ ಬಿಡುವುದಿಲ್ಲ. ಉಂಡು ಮುಗಿದ ಮೇಲೆ ತಟ್ಟೆಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತಲೂ ಬಳಿದು, ಎರಡೂ ಕೈಯಲ್ಲಿ ಎತ್ತಿ ಕುಡಿಯುತ್ತೇವೆ. ನಮ್ಮಪ್ಪ ಮದುವೆ ಮನೆಯಲ್ಲೂ ಬಿಡುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಎಲ್ಲರ ಎದುರು ಹಾಗೆ ಕುಡಿಯಲು ನಾಚಿ ಎರಡು ತುತ್ತು ಬಿಟ್ಟು ಎದ್ದಿದ್ದೆ. ಅಪ್ಪ ನನ್ನ ರಟ್ಟೆ ಹಿಡಿದು ಮತ್ತೆ ಕೂರಿಸಿದರು.

"ತಟ್ಟೇಲಿರೋದು ಬರೀ ಅನ್ನ ಅಲ್ಲ ಕಣೋ, ಪ್ರಸಾದ. ಒಂದಗಳು ಬಿಟ್ರೂ ಅದು ಬಿಟ್ಟಂಗಲ್ಲ, ಒದ್ದಂಗೆ" ಎಂದರು. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಯಿತು. ಅವರು ರಟ್ಟೆ ಹಿಡಿದ ಆ ದಿನದಿಂದ ನಾನು ಒಂದಗಳನ್ನೂ ಬಿಟ್ಟಿರಲಿಲ್ಲ.

ನಾನಿರುವುದು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯ ಟೂಲ್ ರೂಮಿನಲ್ಲಿ. ನಮ್ಮ ಮಾಲೀಕರು ಬರ್ನೋ ಎಂಬ ಊರಿನಿಂದ ಒಂದು ಗ್ರೈಂಡಿಂಗ್ ಮಿಷನ್ ತರಿಸುವವರಿದ್ದರು. ಅದನ್ನು ನಡೆಸುವುದು, ಕೆಟ್ಟರೆ ಬಿಚ್ಚಿ ಜೋಡಿಸುವುದು ಕಲಿತು ಬಾ ಎಂದು ನನ್ನನ್ನು ಕಳಿಸಿದರು. ಆ ಊರಿನ ಹೆಸರನ್ನು ಅಲ್ಲಿಯವರು ನಡುವೆ ಉಸಿರೇ ಬಿಡದೆ ಹೇಳುತ್ತಾರೆ. ನಮ್ಮ ಬಾಯಿಗೆ ಅದು ಬರ್ನೋ ಆಯಿತು. ಹೊರಡುವ ದಿನ ಬೀದಿಯವರೆಲ್ಲ ಹಾರ ಹಾಕಿದರು. ಶಾಂತ ಒಂದು ಹಾಲಿನ ಪುಡಿ ಡಬ್ಬಿಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ನೆರಳಲ್ಲಿ ಒಣಗಿಸಿದ ಕರಿಬೇವು ತುಂಬಿಕೊಟ್ಟಳು.

"ಬಾಯಿ ಕೆಟ್ಟಾಗ ಬೇಕಾಗುತ್ತೆ, ಇಟ್ಕೊಳ್ಳಿ" ಎಂದಳು.

ಮೂರು ತಿಂಗಳು ಉಪ್ಪಿಟ್ಟಿನ ಕಾಟವಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಅವಳಿಗೆ ಹೇಳಲಿಲ್ಲ.

ಮಾಸ್ಕೋ

ವಿಮಾನ ಮಾಸ್ಕೋದಲ್ಲಿ ಒಂದೆರಡು ಗಂಟೆ ನಿಂತು ಹೊರಡಬೇಕಿತ್ತು. ಹಿಮ ಬೀಳುತ್ತಿದ್ದರಿಂದ ಹೊರಡಲಿಲ್ಲ. ನಮ್ಮನ್ನೆಲ್ಲ ಇಳಿಸಿ, ನಿಲ್ದಾಣದ ಹತ್ತಿರದ ಹೋಟೆಲಿಗೆ ಸಾಗಿಸಿದರು. ತಪಾಸಣೆಯ ಅಧಿಕಾರಿ ನನ್ನ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ನೋಡಿ ಬಿಚ್ಚು ಎಂದು ಸನ್ನೆ ಮಾಡಿದ. ಒಳಗಿದ್ದ ಕಪ್ಪು ಲಿಂಗವನ್ನು ನಾನು ಅಂಗೈಯಲ್ಲಿಟ್ಟು ತೋರಿಸಿದೆ, ಅವನ ಕೈಗೆ ಕೊಡಲಿಲ್ಲ. ಅವನು ನನ್ನ ಅಂಗೈಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ, ಇನ್ನೊಬ್ಬನನ್ನು ಕರೆದು ತೋರಿಸಿದ. ಕೊನೆಗೆ ಇಬ್ಬರೂ ನನ್ನ ಮುಖವನ್ನು ನೋಡಿ, ಇವನಿಂದ ಯಾವ ಅಪಾಯವೂ ಆಗಲಾರದು ಎಂದು ತೀರ್ಮಾನಿಸಿದರು.

ಬೆಳಿಗ್ಗೆ ತಿಂಡಿಗೆ ದೊಡ್ಡ ಹಾಲಿಗೆ ಕರೆದೊಯ್ದರು. ಅಗಲ ಹೆಗಲಿನ ಹೆಂಗಸೊಬ್ಬಳು ಎಲ್ಲರ ಮುಂದೆ ಒಂದೊಂದು ತಟ್ಟೆ ಕುಕ್ಕುತ್ತ ಹೋದಳು. ನನ್ನ ತಟ್ಟೆಯಲ್ಲಿ ಬೆಳ್ಳಗೆ, ಮೆತ್ತಗೆ ಏನೋ ಹರಡಿಕೊಂಡಿತ್ತು, ನಡುವೆ ಒಂದು ತುಂಡು ಬೆಣ್ಣೆ ಕರಗುತ್ತಿತ್ತು. ಚಮಚದಲ್ಲಿ ತೆಗೆದು ನಾಲಿಗೆಗೆ ಹಚ್ಚಿದೆ. ರವೆ! ಹಾಲಿನಲ್ಲಿ ಬೇಯಿಸಿದ ರವೆ! ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಎಂದು ಜೋರಾಗಿ ಕನ್ನಡದಲ್ಲಿ ಹೇಳಿಯೇಬಿಟ್ಟೆ. ಪಕ್ಕದಲ್ಲಿದ್ದವನು ತನ್ನ ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡ.

ತಮಾಷೆ ಎಂದರೆ ಇಷ್ಟೇ. ಆ ಮಾತಿಗೆ ನಗುವವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಜೋಡಿ ಜೋಡಿಯಾಗಿ, ಗುಂಪು ಗುಂಪಾಗಿ ಕೂತು ಮಾತಾಡುತ್ತಿದ್ದರು. ಕಿಟಕಿಯಾಚೆ ಹಿಮ ಬೀಳುತ್ತಲೇ ಇತ್ತು. ನಾನು ತಟ್ಟೆ ತೊಳೆದು ಕುಡಿದೆ. ಯಾರೂ ನೋಡಲಿಲ್ಲ. ಮನೆಯಲ್ಲಾಗಿದ್ದರೆ ಶಾಂತ, "ಇನ್ನೊಂಚೂರು ಹಾಕ್ಲಾ?" ಎನ್ನುತ್ತಿದ್ದಳು. ಆ ಮಾತಿಗಾಗಿ ನನ್ನ ಕಿವಿ ಕಾಯುತ್ತಿತ್ತು ಎಂದು ಆಗಲೇ ನನಗೆ ಗೊತ್ತಾದದ್ದು.

ಬರ್ನೋ: ವ್ಲಾಸ್ತಮ್ಮನ ಮನೆ

ಕಾರ್ಖಾನೆಯವರು ನನ್ನನ್ನು ಹಾಸ್ಟೆಲ್ಲಿಗೆ ಹಾಕುವ ಬದಲು ಒಬ್ಬ ಹೆಂಗಸಿನ ಮನೆಯಲ್ಲಿ ಇರಿಸಿದರು. ಹೆಸರು ವ್ಲಾಸ್ತಾ. ಅರವತ್ತರ ಆಸುಪಾಸಿನ ವಿಧವೆ, ಒಬ್ಬರೇ ಇದ್ದರು. ಅಲ್ಲಿ ಹಿರಿಯ ಹೆಂಗಸರನ್ನು 'ಪಾನಿ' ಎಂದು ಸೇರಿಸಿ ಕರೆಯಬೇಕು. ನಾನು ಬಾಯಲ್ಲಿ ಪಾನಿ ವ್ಲಾಸ್ತಾ ಎನ್ನುತ್ತಿದ್ದೆ, ಮನಸ್ಸಿನಲ್ಲಿ ವ್ಲಾಸ್ತಮ್ಮ ಎನ್ನುತ್ತಿದ್ದೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ನಮಸ್ಕಾರ, ಥ್ಯಾಂಕ್ಸು, ಬೇಡ ಎನ್ನುವ ಮಾತುಗಳನ್ನು ಕಲಿತುಕೊಂಡೆ. ಮಿಕ್ಕದ್ದೆಲ್ಲ ಕೈಬಾಯಿ ಸನ್ನೆ.

ಮೊದಲ ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದೆ. ವ್ಲಾಸ್ತಮ್ಮ ನನ್ನ ಹಣೆ ನೋಡಿ, ಒಳಗೆ ಹೋಗಿ, ಟವೆಲ್ಲು ಒದ್ದೆ ಮಾಡಿ ತಂದು ಕೊಟ್ಟರು. ಒಲೆಯ ಬೂದಿ ತಾಗಿದೆ ಅಂದುಕೊಂಡಿದ್ದರು. ನಾನು ತಲೆಯಾಡಿಸಿ, ಕೈಮುಗಿದು, ಮೇಲೆ ತೋರಿಸಿದೆ. ಅವರೂ ಮೇಲೆ ನೋಡಿದರು. ಅಲ್ಲಿ ದೀಪ ಮಾತ್ರ ಇತ್ತು.

ಮೇಜಿನ ಮೇಲೆ ಬಟ್ಟಲಿತ್ತು. ಬಟ್ಟಲಲ್ಲಿ ಮತ್ತೆ ಅದೇ ರವೆ. ಹಾಲಿನಲ್ಲಿ ಬೇಯಿಸಿ, ಬೆಣ್ಣೆ ಹಾಕಿ, ಮೇಲೆ ಸಕ್ಕರೆಯನ್ನೂ ಕೋಕೋ ಪುಡಿಯನ್ನೂ ಉದುರಿಸಿದ್ದರು. ಮಾಸ್ಕೋದ್ದಕ್ಕಿಂತ ಗಟ್ಟಿ, ನಮ್ಮ ಕೇಸರಿಬಾತಿಗಿಂತ ಮೆತ್ತಗೆ, ಬಣ್ಣ ಮಾತ್ರ ಮಣ್ಣಿನದು. ರುಚಿ ಕೆಟ್ಟದೇನಿರಲಿಲ್ಲ. ಆದರೆ ಬೆಳಗಾಗೆದ್ದು ಸಿಹಿ ತಿನ್ನುವುದು ನಮ್ಮವರಿಗೆ ಯುಗಾದಿಗೆ ಒಮ್ಮೆ ಸಾಕು. ತಿಂದು ಮುಗಿಸಿ, ಗ್ಲಾಸಿನ ನೀರನ್ನು ಬಟ್ಟಲಿಗೆ ಬಗ್ಗಿಸಿ, ಬೆರಳಾಡಿಸಿ, ಎತ್ತಿ ಕುಡಿದೆ.

ವ್ಲಾಸ್ತಮ್ಮ ಸೌಟು ಹಿಡಿದು ನಿಂತವರು ನಿಂತ ಹಾಗೆಯೇ ನೋಡಿದರು. ಆಮೇಲೆ ಪಾತ್ರೆ ತಂದು, ತೊಳೆದ ಬಟ್ಟಲಿಗೇ ಇನ್ನೂ ಎರಡು ಸೌಟು ಹಾಕಿದರು.

ನಮ್ಮಲ್ಲಿ ತಟ್ಟೆ ತೊಳೆದರೆ ಊಟ ಮುಗಿಯಿತೆಂದು ಅರ್ಥ. ಆಮೇಲೆ ಬಡಿಸುವುದುಂಟೇ? ಆದರೆ ಬಿದ್ದ ಮೇಲೆ ಬಿಡುವ ಹಾಗಿಲ್ಲ. ತಿಂದೆ. ಮತ್ತೆ ತೊಳೆದು ಕುಡಿದೆ. ಅವರು ಮತ್ತೆ ಹಾಕಿದರು. ದಾವಣಗೆರೆಯಲ್ಲಿ ನನಗೊಬ್ಬ ಸೋದರತ್ತೆ ಇದ್ದಾಳೆ, ಬೇಡ ಬೇಡ ಎಂದು ಅಡ್ಡ ಹಿಡಿದ ಕೈಯ ಮೇಲೇ ಬಡಿಸುವವಳು. ಇವರೂ ಅದೇ ಜಾತಿಯ ಉಪಚಾರದವರು ಎಂದುಕೊಂಡು ನನ್ನ ಕಣ್ಣು ತುಂಬಿಬಂತು. ಟ್ರಾಮಿನ ಸ್ಟಾಪಿಗೆ ಹೊಟ್ಟೆ ಹಿಡಿದುಕೊಂಡು ನಡೆದೆ.

ನನ್ನ ದಿನದಲ್ಲಿ ಮನುಷ್ಯರ ಸಹವಾಸ ಎಂದರೆ ಆ ಮೇಜೊಂದೇ. ಕಾರ್ಖಾನೆಯಲ್ಲಿ ಮಿಷನ್ನಿನ ಜೊತೆ ಮಾತು, ಸಂಜೆ ಕತ್ತಲೆ, ಭಾನುವಾರ ಮುಚ್ಚಿದ ಅಂಗಡಿಗಳ ಸಾಲು. ಆ ಊರಿನಲ್ಲಿ ಕನ್ನಡ ಹಾಗಿರಲಿ, ಹಿಂದಿ ಬರುವವರನ್ನೂ ನಾನು ಕಾಣಲಿಲ್ಲ. ನನ್ನ ಸ್ವರವೇ ನನಗೆ ಮರೆತುಹೋಗುತ್ತದೇನೋ ಎಂದು ಸ್ನಾನದ ಮನೆಯಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಬೆಳಿಗ್ಗೆ ಮಾತ್ರ, ಮಾತೇ ಇಲ್ಲದಿದ್ದರೂ, ಎದುರಿಗೆ ಒಬ್ಬರು ನಿಂತು ನಾನು ತಿನ್ನುವುದನ್ನು ನೋಡುತ್ತಿದ್ದರು. ಅದಕ್ಕಾಗಿಯೇ ನಾನು ಏಳುತ್ತಿದ್ದೆ.

ದಿನ ಕಳೆದಂತೆ ಬಟ್ಟಲು ದೊಡ್ಡದಾಯಿತು. ಕೊನೆಗೆ ನಮ್ಮಲ್ಲಿ ಹಿಟ್ಟು ಕಲಸುವಷ್ಟು ದೊಡ್ಡ ಎನಾಮಲ್ ಬೋಗುಣಿಯೇ ಬಂತು. ನಾನೂ ಸೋಲಲಿಲ್ಲ. ಒಂದು ಬೆಳಿಗ್ಗೆ ಬೋಗುಣಿ ತೊಳೆದ ನೀರನ್ನು ಬಾಯಿಗೆ ಎತ್ತುವಷ್ಟರಲ್ಲಿ ವ್ಲಾಸ್ತಮ್ಮ ಸರಕ್ಕನೆ ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ನೀರು ನನ್ನ ಅಂಗಿಯ ಮೇಲೆಲ್ಲ ಚೆಲ್ಲಿತು. ಅವರು ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲಾಚೆ ಅಳುವ ಸದ್ದು ಕೇಳಿದ ಹಾಗಾಯಿತು. ನಾನು ಒದ್ದೆ ಅಂಗಿಯಲ್ಲೇ ಕೂತಿದ್ದೆ. ಏನು ತಪ್ಪು ಮಾಡಿದೆನೆಂದು ತಿಳಿಯಲಿಲ್ಲ.

ಬರ್ನೋ: ಕಾರ್ಖಾನೆ

ಕಾರ್ಖಾನೆಯ ಕ್ಯಾಂಟೀನಿಗೂ ನನಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಮಾಂಸ ಬೇಡ ಎಂದರೆ ಕೋಳಿ ಕೊಡುತ್ತಿದ್ದರು. ಕೋಳಿಯೂ ಬೇಡ ಎಂದರೆ ಅದನ್ನೇ ಸಣ್ಣಗೆ ಹೆಚ್ಚಿ ಕೊಡುತ್ತಿದ್ದರು. ಕೊನೆಗೆ ಆಲೂಗೆಡ್ಡೆ ಮತ್ತು ಬ್ರೆಡ್ಡು ಎಂದು ರಾಜಿಯಾಗಿತ್ತು. ಆ ದಿನ ಮಧ್ಯಾಹ್ನ ನೋಡುತ್ತೇನೆ, ಬಡಿಸುವ ಹೆಂಗಸು ಆಲೂಗೆಡ್ಡೆಯನ್ನು ಗುಡ್ಡದ ಹಾಗೆ ಪೇರಿಸಿ, ನನ್ನ ಕೆನ್ನೆ ತಟ್ಟಿ, ಏನೋ ಕನಿಕರದ ಮಾತಾಡಿದಳು. ಪಕ್ಕದ ಮಿಷನ್ನಿನವನು ತನ್ನ ಸೇಬನ್ನು ನನ್ನ ಕೋಟಿನ ಜೇಬಿಗೆ ತುರುಕಿದ. ಫೋರ್‌ಮನ್ನು ಬಂದು ನನ್ನ ರಟ್ಟೆ ಹಿಡಿದು ನೋಡಿ ಮುಖ ಚಿಕ್ಕದು ಮಾಡಿಕೊಂಡ.

ಏನಿದು ಎಂದು ಪಾವೆಲ್ಲನ್ನು ಕೇಳಿದೆ. ಅವರು ಕಾರ್ಖಾನೆಯ ದುಭಾಷಿ, ಐವತ್ತು ದಾಟಿದವರು. ಪುಸ್ತಕದಿಂದಲೇ ಇಂಗ್ಲಿಷ್ ಕಲಿತವರಾದ್ದರಿಂದ ಬರೆದದ್ದನ್ನು ಓದುವ ಹಾಗೆ ಮಾತಾಡುತ್ತಿದ್ದರು.

"ಮಾನ್ಯ ರುದ್ರಪ್ಪನವರೇ, ನಿಮ್ಮ ಮನೆಯೊಡತಿ ನಮ್ಮ ಕಚೇರಿಗೆ ಬಂದು ಬೈದು ಹೋಗಿದ್ದಾರೆ. 'ನೀವು ಈ ಭಾರತೀಯನಿಗೆ ಹೊಟ್ಟೆಗೆ ಹಾಕುತ್ತಿಲ್ಲ, ಅವನು ಬಟ್ಟಲು ತೊಳೆದ ನೀರನ್ನೂ ಕುಡಿಯುತ್ತಾನೆ' ಎಂದರು. ನಿಮ್ಮ ದೇಶದ ಬರಗಾಲದ ಚಿತ್ರಗಳನ್ನು ನಾವೂ ಪತ್ರಿಕೆಯಲ್ಲಿ ನೋಡಿದ್ದೇವೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದ ಜಂಗಮರಿಗೆ ಉಣಿಸದೆ ತಾನು ಉಣ್ಣದ ಅಪ್ಪನ ಮಗ ನಾನು. ನನ್ನನ್ನು ಭಿಕ್ಷದವನು ಎಂದುಕೊಂಡರಲ್ಲ! ಅದು ಹಸಿವಲ್ಲ, ನಮ್ಮ ಧರ್ಮ ಎಂದು ಪಾವೆಲ್ಲಿಗೆ ರೇಗಿಯೇ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಕೊಂಡು, ವ್ಲಾಸ್ತಾ ಅವರಿಗೂ ತಿಳಿಸುತ್ತೇನೆ ಎಂದರು. ಜೇಬಿನ ಸೇಬನ್ನು ನಾನು ಮಿಷನ್ನಿನ ಮೇಲೆಯೇ ಇಟ್ಟು ಬಂದೆ.

ಮಾರನೆಯ ದಿನದಿಂದ ಮೇಜಿಗೆ ಕೂರುವುದನ್ನು ಬಿಟ್ಟೆ. ವ್ಲಾಸ್ತಮ್ಮ ಬಟ್ಟಲು ಇಡುತ್ತಿದ್ದರು. ನಾನು ಬೇಡ, ಥ್ಯಾಂಕ್ಸು ಎಂದು ಹೇಳಿ ಬೂಟು ಹಾಕಿಕೊಳ್ಳುತ್ತಿದ್ದೆ. ಟ್ರಾಮಿನ ಸ್ಟಾಪಿನ ಬೆಂಚಿನ ಮೇಲೆ ಕೂತು ಒಣ ಬ್ರೆಡ್ಡು ಅಗಿಯುತ್ತಿದ್ದೆ. ಚಳಿಗೆ ಬ್ರೆಡ್ಡು ಇಟ್ಟಿಗೆಯಾಗಿರುತ್ತಿತ್ತು. ಅಲ್ಲಿಂದ ತಲೆಯೆತ್ತಿದರೆ ಮೂರನೇ ಅಂತಸ್ತಿನಲ್ಲಿದ್ದ ವ್ಲಾಸ್ತಮ್ಮನ ಮನೆಯ ಕಿಟಕಿ ಕಾಣುತ್ತಿತ್ತು. ಕಿಟಕಿಯಲ್ಲಿ ಅವರು ನಿಂತಿರುತ್ತಿದ್ದರು. ಯಾರ ಮೇಲೆ ಯಾಕೆ ಈ ಹಟ ಎಂದು ನನಗೇ ಅನ್ನಿಸುತ್ತಿತ್ತು, ಆದರೂ ಸೋಲಲು ಮನಸ್ಸು ಬರಲಿಲ್ಲ. ಅಷ್ಟು ಒಂಟಿತನ ನನಗೆ ಹಿಂದೆಂದೂ ಆಗಿರಲಿಲ್ಲ.

ವಾರವಾಗುವುದರೊಳಗೆ ಪಾವೆಲ್ ಬಂದು ಇನ್ನೊಂದು ಸುದ್ದಿ ಹೇಳಿದರು. ನನ್ನನ್ನು ಹಾಸ್ಟೆಲ್ಲಿಗೆ ಸ್ಥಳಾಂತರಿಸಬೇಕೆಂದು ವ್ಲಾಸ್ತಮ್ಮನೇ ಕೇಳಿಕೊಂಡಿದ್ದರಂತೆ. ಬರುವ ಭಾನುವಾರ ಹೋಗಬೇಕು.

"ಒಳ್ಳೇದಾಯ್ತು" ಎಂದೆ. ಒಳಗೆ ಏನೋ ಕುಸಿದು ಬಿತ್ತು.

ಬ್ರಾಟಿಸ್ಲಾವಾ

ಆ ವಾರದ ಕೊನೆಗೆ ಬ್ರಾಟಿಸ್ಲಾವಾ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ನಮ್ಮದೇ ಮಾದರಿಯ ಮಿಷನ್ ಓಡುವುದನ್ನು ತೋರಿಸಲು ಪಾವೆಲ್ ನನ್ನನ್ನು ರೈಲಿನಲ್ಲಿ ಕರೆದುಕೊಂಡು ಹೋದರು. ಊರಿನ ಪಕ್ಕದಲ್ಲಿ ಡ್ಯಾನ್ಯೂಬ್ ನದಿ. ನೋಡಿ ಎಂದರು, ನೋಡಿದೆ. ನೀರು ಬೂದಿ ಬಣ್ಣ. ಮಾಗಡಿ ರಸ್ತೆಯ ಧೂಳು ನೆನಪಾಗುತ್ತಿತ್ತು.

ಮಧ್ಯಾಹ್ನ ಸ್ಟೇಷನ್ನಿನ ಹೋಟೆಲಿನಲ್ಲಿ ಸೂಪು ತರಿಸಿದರು. ಅದರಲ್ಲಿ ಬೆರಳುದ್ದದ ಬಿಳಿ ಉಂಡೆಗಳು ತೇಲುತ್ತಿದ್ದವು. ಒಂದನ್ನು ಚಮಚದಿಂದ ಒಡೆದು ನೋಡಿದರೆ, ಮತ್ತೆ ರವೆ! ರವೆಯನ್ನು ಕಲಸಿ ಉಂಡೆ ಕಟ್ಟಿ ಬೇಯಿಸಿದ್ದರು, ನಮ್ಮ ಕಡುಬಿನ ಮರಿಯ ಹಾಗೆ. ಸೂಪು ಯಾವುದರದ್ದು ಎಂದು ಕೇಳಿದೆ. ದನದ ಮಾಂಸದ್ದು ಎಂದು ಪಾವೆಲ್ ಬಹಳ ಹೆಮ್ಮೆಯಿಂದ ಹೇಳಿದರು. ಪುಣ್ಯಕ್ಕೆ ನನ್ನ ಬಾಯಿಗೆ ಏನೂ ಹೋಗಿರಲಿಲ್ಲ. ಬಟ್ಟಲನ್ನು ಅವರ ಕಡೆಗೆ ಸರಿಸಿದೆ, ಅವರು ಮರುಮಾತಿಲ್ಲದೆ ಎರಡನ್ನೂ ಮುಗಿಸಿದರು. ಆದರೆ ಕೊನೆಯಲ್ಲಿ ಒಂದು ಉಂಡೆ ಉಳಿಸಿ ಚಮಚ ಅಡ್ಡ ಇಟ್ಟರು.

"ಅದೊಂದು ಯಾಕೆ ಬಿಟ್ಟಿರಿ?" ಎಂದೆ. ಇನ್ನೊಬ್ಬರ ತಟ್ಟೆಯಾದರೂ ಬಿಟ್ಟದ್ದನ್ನು ನೋಡಿದರೆ ನನ್ನ ಜೀವ ಚುರುಕ್ಕೆನ್ನುತ್ತದೆ.

"ಹೊಟ್ಟೆ ತುಂಬಿತು ಎಂದು ತೋರಿಸಲು. ನನ್ನ ತಾಯಿ ಕಲಿಸಿದ್ದು." ಅವರು ಬಾಯಿ ಒರೆಸಿಕೊಂಡರು. "ವ್ಲಾಸ್ತಾ ಅವರು ನಿಮ್ಮ ಮೇಲೆ ಸಿಟ್ಟಾಗಿಲ್ಲ, ಇದು ನಿಮಗೆ ತಿಳಿದಿರಬೇಕು. ಯುದ್ಧದ ಕಾಲದಲ್ಲಿ ಜರ್ಮನರು ಅವರನ್ನು ಒಂದು ಶಿಬಿರದಲ್ಲಿ ಕೂಡಿಹಾಕಿದ್ದರು. ಜೊತೆಗೆ ಅವರ ತಂಗಿಯೂ ಇದ್ದಳು. ಇಬ್ಬರಿಗೂ ಸೇರಿ ಒಂದೇ ತಗಡಿನ ಡಬ್ಬಿ. ಗಂಜಿ ಮುಗಿದ ಮೇಲೆ ತಂಗಿ ಅದಕ್ಕೆ ನೀರು ಹಾಕಿ, ಬೆರಳಿನಿಂದ ಬಳಿದು, ಎರಡೂ ಕೈಯಲ್ಲಿ ಎತ್ತಿ ಕುಡಿಯುತ್ತಿದ್ದಳಂತೆ. ಆ ತಂಗಿ ಮನೆಗೆ ವಾಪಸ್ಸು ಬರಲಿಲ್ಲ."

ನಾನು ಅವರು ಬಿಟ್ಟಿದ್ದ ಆ ಒಂದು ಉಂಡೆಯನ್ನೇ ನೋಡುತ್ತಿದ್ದೆ.

"ನಿಮ್ಮ ಧರ್ಮದ ವಿಷಯ ನಾನು ಹೇಳಿದೆ. ಅವರು ಏನೆಂದರು ಗೊತ್ತೇ? 'ಧರ್ಮವೇ ಇರಬಹುದು, ಆದರೆ ನನ್ನ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಎಷ್ಟು ಹಾಕಿದರೂ ಅವನ ಹೊಟ್ಟೆ ತುಂಬುವುದನ್ನು ನಾನು ನೋಡಲೇ ಇಲ್ಲ' ಎಂದರು. ಅದಕ್ಕೇ ಹಾಸ್ಟೆಲ್ಲು."

ವಾಪಸ್ಸು ಬರುವಾಗ ಪಾವೆಲ್ ರೈಲಿನಲ್ಲಿ ನಿದ್ದೆ ಹೋದರು. ನಾನು ಕಿಟಕಿಗೆ ತಲೆಯಾನಿಸಿ ಕೂತೆ. ದಿನಾ ಬೆಳಿಗ್ಗೆ ನಾನು ಅಪ್ಪನನ್ನು ನೆನೆದು ಬಟ್ಟಲು ಎತ್ತುತ್ತಿದ್ದೆ. ಎದುರಿಗೆ ನಿಂತವರು ತಂಗಿಯನ್ನು ನೆನೆದು ಅದನ್ನು ಮತ್ತೆ ತುಂಬುತ್ತಿದ್ದರು. ನಾನು ಅದನ್ನು ಉಪಚಾರ ಎಂದುಕೊಂಡು ಹೊಟ್ಟೆ ಬಿರಿಯ ತಿಂದಿದ್ದೆ. ಅಂಥ ಮನೆಯನ್ನು ಕೋಪ ಮಾಡಿಕೊಂಡು ಕಳೆದುಕೊಳ್ಳುತ್ತಿದ್ದೇನಲ್ಲ ಎಂದು ದುಃಖ ಉಕ್ಕಿಬಂತು. ಯಾರಿಗೂ ಕಾಣದ ಹಾಗೆ ಟೋಪಿ ಕೆಳಗೆ ಎಳೆದುಕೊಂಡೆ.

ಬರ್ನೋ: ಭಾನುವಾರ

ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟೆ. ಮಧ್ಯಾಹ್ನಕ್ಕೆ ಕಾರ್ಖಾನೆಯ ಗಾಡಿ ಬರುವುದಿತ್ತು. ಪೂಜೆ ಮುಗಿಸಿ, ಶಾಂತ ಕೊಟ್ಟ ಡಬ್ಬಿ ಹಿಡಿದು ಅಡಿಗೆಮನೆಗೆ ಹೋದೆ. ವ್ಲಾಸ್ತಮ್ಮ ಹಾಲು ಕಾಯಿಸಲು ಇಡುತ್ತಿದ್ದರು. ನಾನು ಹಾಲಿನ ಪಾತ್ರೆ ಕೆಳಗಿಳಿಸಿ, ರವೆಯ ಪೊಟ್ಟಣ ತೋರಿಸಿ, ನನ್ನ ಎದೆ ಮುಟ್ಟಿಕೊಂಡು, ಇವತ್ತು ನಾನು ಎಂದು ಸನ್ನೆ ಮಾಡಿದೆ. ಅವರು ಸೌಟು ಕೊಟ್ಟು ಸ್ಟೂಲಿನ ಮೇಲೆ ಕೂತರು.

ಉಪ್ಪಿಟ್ಟನ್ನು ಹಳಿಯುವುದು ಬೇರೆ, ಮಾಡುವುದು ಬೇರೆ. ನಾನು ಹುಟ್ಟಿದಾಗಿನಿಂದ ಒಲೆ ಹಚ್ಚಿದವನಲ್ಲ. ಎಣ್ಣೆ ಕಾದು ಹೊಗೆ ಬಂದ ಮೇಲೆ ಸಾಸಿವೆ ಹಾಕಿದೆ. ಸಾಸಿವೆ ಪಟಪಟ ಸಿಡಿದು ನನ್ನ ಮೂಗಿಗೆ ಬಡಿಯಿತು. ವ್ಲಾಸ್ತಮ್ಮ ಕಿಟಾರನೆ ಕಿರುಚಿ, ಪಾತ್ರೆಯ ಮುಚ್ಚಳವನ್ನು ಗುರಾಣಿ ಹಿಡಿದ ಹಾಗೆ ಮುಖಕ್ಕೆ ಅಡ್ಡ ಹಿಡಿದರು. ಮೆಣಸಿನಕಾಯಿಯ ಘಾಟಿಗೆ ಇಬ್ಬರೂ ಕೆಮ್ಮಿದೆವು. ಅವರು ಕಿಟಕಿ ತೆರೆದರು, ಹಿಮದ ಗಾಳಿ ಒಳಗೆ ನುಗ್ಗಿತು. ಈರುಳ್ಳಿ ಅವರೇ ಹೆಚ್ಚಿಕೊಟ್ಟರು. ಕುದಿಯುವ ನೀರಿಗೆ ರವೆ ಸುರಿದೆ. ಶಾಂತ ರವೆಯನ್ನು ಮೊದಲು ಹುರಿದುಕೊಳ್ಳುತ್ತಿದ್ದಳು ಎಂಬುದು ಸುರಿದ ಮೇಲೆ ನೆನಪಾಯಿತು. ಆ ದೇಶದ ರವೆಯೋ ನಮ್ಮ ಚಿರೋಟಿ ರವೆಯಷ್ಟು ನಯ. ಕ್ಷಣದಲ್ಲಿ ಗಂಟುಗಂಟಾಗಿ ಕೂತಿತು. ವ್ಲಾಸ್ತಮ್ಮ ನನ್ನ ಕೈಯಿಂದ ಸೌಟು ತೆಗೆದುಕೊಂಡು ಒಂದೊಂದೇ ಗಂಟನ್ನು ಪಾತ್ರೆಯ ಅಂಚಿಗೆ ಒತ್ತಿ ಒಡೆದರು. ಕರಿಬೇವನ್ನು ಎತ್ತಿ ಮೂಸಿ ನೋಡಿ ಮತ್ತೆ ಒಳಗೆ ಹಾಕಿದರು.

ಎದುರುಬದುರು ಕೂತೆವು. ಅವರು ಮೊದಲ ಬಾರಿಗೆ ನನ್ನ ಜೊತೆ ಮೇಜಿಗೆ ಕೂತದ್ದು ಅಂದೇ. ಒಂದು ಚಮಚ ತಿಂದರು. ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿಗೆ. ಆಮೇಲೆ ಎದ್ದು ಹೋಗಿ ಕೋಕೋ ಡಬ್ಬಿ ತಂದು ಉಪ್ಪಿಟ್ಟಿನ ಮೇಲೆ ಧಾರಾಳವಾಗಿ ಉದುರಿಸಿಕೊಂಡರು. ನನ್ನ ಪ್ರಾಣ ಬಾಯಿಗೆ ಬಂದಂತಾಯಿತು. ನಮ್ಮಲ್ಲಿಯೂ ಉಪ್ಪಿಟ್ಟಿಗೆ ಸಕ್ಕರೆ ಉದುರಿಸಿಕೊಳ್ಳುವವರು ಇದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವರು ತಲೆಯಾಡಿಸುತ್ತ ತಿಂದರು.

ನನ್ನ ಬಾಯಿಗೆ ಅದು ಅಮೃತವಾಗಿತ್ತು ಎಂದರೆ ಶಾಂತ ನಂಬುವುದಿಲ್ಲ. ಉಪ್ಪು ಹೆಚ್ಚು, ರವೆ ಅಂಟಂಟು, ನಿಂಬೆಹಣ್ಣಿಲ್ಲ. ಕಾಂಕ್ರೀಟು ಎನ್ನಬೇಕಾದದ್ದು ಅದನ್ನೇ. ಆದರೆ ಒಗ್ಗರಣೆಯ ವಾಸನೆ ಮೂಗಿಗೆ ಬಿದ್ದೊಡನೆ ರಾಜಾಜಿನಗರದ ನಮ್ಮ ಅಡಿಗೆಮನೆ ಕಣ್ಣಮುಂದೆ ಬಂತು, ಇವತ್ತೂ ಉಪ್ಪಿಟ್ಟೇನೇ ಎಂದು ಕೇಳುವ ನಾನೂ ಬಂದೆ. ಅಷ್ಟು ದಿನ ತಡೆದುಕೊಂಡಿದ್ದ ಮನೆಯ ಹಂಬಲವೆಲ್ಲ ಒಟ್ಟಿಗೇ ಬಂತು. ನಾನು ತಲೆ ತಗ್ಗಿಸಿಕೊಂಡು ತಿಂದೆ.

ಬಟ್ಟಲಿನಲ್ಲಿ ಒಂದು ಚಮಚದಷ್ಟು ಉಳಿಯಿತು. ನನ್ನ ಬಲಗೈ ತಾನಾಗಿಯೇ ಅದನ್ನು ತೆಗೆಯಲು ಹೋಯಿತು, ಎಡಗೈ ನೀರಿನ ಗ್ಲಾಸಿನ ಕಡೆ ಹೋಯಿತು. ವ್ಲಾಸ್ತಮ್ಮ ತಿನ್ನುವುದನ್ನು ನಿಲ್ಲಿಸಿದರು. ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು.

ಅಪ್ಪ ರಟ್ಟೆ ಹಿಡಿದು ಕೂರಿಸಿದ್ದು ನೆನಪಾಯಿತು. ಒದ್ದಂಗೆ ಕಣೋ ಎಂದದ್ದು ಕಿವಿಯಲ್ಲಿ ಕೇಳಿತು. ಕೊರಳಲ್ಲಿ ಲಿಂಗವಿತ್ತು. ತಪ್ಪಾದರೆ ನನಗೇ ಇರಲಿ ಅಪ್ಪಾ ಎಂದು ಮನಸ್ಸಿನಲ್ಲೇ ಹೇಳಿ, ಗ್ಲಾಸಿನಿಂದ ಕೈ ತೆಗೆದೆ. ಆ ಒಂದು ಚಮಚ ಉಪ್ಪಿಟ್ಟನ್ನು ಹಾಗೆಯೇ ಬಿಟ್ಟು, ಪಾವೆಲ್ ಇಟ್ಟ ಹಾಗೆ ಚಮಚವನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟೆ. ಹೊಟ್ಟೆಯ ಮೇಲೆ ಕೈಯಿಟ್ಟು, ಸಾಕು, ತುಂಬಿತು ಎಂದು ಕನ್ನಡದಲ್ಲೇ ಹೇಳಿದೆ.

ವ್ಲಾಸ್ತಮ್ಮ ಬಟ್ಟಲನ್ನು ನೋಡಿದರು, ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಬಿಗಿದುಕೊಂಡಿದ್ದುದೆಲ್ಲ ನಿಧಾನವಾಗಿ ಸಡಿಲವಾಯಿತು. ಆಮೇಲೆ ಕೈಚಾಚಿ ನನ್ನ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಕಸದ ತೊಟ್ಟಿಗೆ ಸುರಿಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಅವರು ನನ್ನದೇ ಚಮಚದಿಂದ ಅದನ್ನು ತಿನ್ನುತ್ತಿದ್ದರು. ಕೋಕೋ ಇಲ್ಲ, ಸಕ್ಕರೆ ಇಲ್ಲ. ಖಾರಕ್ಕೆ ಕೆಮ್ಮುತ್ತ, ಅಂಚಿಗೆ ಅಂಟಿದ ರವೆಯನ್ನೂ ಕೆರೆದು ಬಾಯಿಗೆ ಹಾಕಿಕೊಂಡರು. ಹಸಿವು ಕಂಡವರು ಅನ್ನ ಚೆಲ್ಲುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ.

ತಿಂದು ಮುಗಿಸಿ ಅವರು ಎದ್ದರು. ಏಪ್ರನ್ನಿಗೆ ಕೈ ಒರೆಸಿಕೊಂಡು, ಬಾಗಿಲ ಹತ್ತಿರವಿದ್ದ ನನ್ನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ವಾಪಸ್ಸು ನನ್ನ ಕೋಣೆಗೆ ಹೋದರು. ಪೆಟ್ಟಿಗೆ ಭಾರವಾಗಿತ್ತು. ನಾನು ಎದ್ದು ಹಿಡಿದುಕೊಳ್ಳಬೇಕಿತ್ತು, ಆದರೆ ಖಾಲಿಯಾದ ಬಟ್ಟಲನ್ನೇ ನೋಡುತ್ತ ಕೂತಿದ್ದೆ. ನಮ್ಮ ಮನೆಯಲ್ಲಿ ಎಂಜಲು ಉಳಿದದ್ದೇ ಇಲ್ಲವಾದ್ದರಿಂದ ನನ್ನ ಎಂಜಲು ತಿಂದವರೂ ಯಾರೂ ಇಲ್ಲ. ನಾನು ಕೂಸಾಗಿದ್ದಾಗ ಅವ್ವ ತಿಂದಿರಬೇಕು. ಅವಳನ್ನು ಬಿಟ್ಟರೆ ವ್ಲಾಸ್ತಮ್ಮ.